ಹೌದು, ಇಬ್ಬರೂ ತೀರಿಕೊಂಡದ್ದು ಜುಲೈ 4ರಂದೇ
ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಆಡಮ್ಸ್, ಥಾಮಸ್ ಜೆಫರ್ಸನ್ ಒಂದೇ ದಿನ ಸತ್ತದ್ದು ನಿಜವಾ, ಇಲ್ಲ ಯಾರೋ ಸುಮ್ನೆ ಕಟ್ಟಿದ ಕಥೆಯಾ ಅಂತ ಕೇಳಿದ್ದೀರಿ. ನಿಜಾನೇ. ದಿನ 1826ರ ಜುಲೈ 4. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಅವತ್ತಿಗೆ ಸರಿಯಾಗಿ 50 ವರ್ಷ.

ಜೆಫರ್ಸನ್‌ಗೆ 83 ವರ್ಷ. ವರ್ಜೀನಿಯಾದ ಮಾಂಟಿಚೆಲ್ಲೊ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಹಿಂದಿನ ರಾತ್ರಿ ಎಚ್ಚರವಾದಾಗ, ಇವತ್ತು ನಾಲ್ಕನೇ ತಾರೀಖಾ ಅಂತ ಕೇಳಿದರಂತೆ. ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಸ್ವಲ್ಪ ಮುಂಚೆ ಹೋದರು. ಮ್ಯಾಸಚೂಸೆಟ್ಸ್‌ನ ಕ್ವಿನ್ಸಿಯಲ್ಲಿದ್ದ 90ರ ಆಡಮ್ಸ್‌ಗೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ. ಆಗಿನ್ನೂ ತಂತಿ (ಟೆಲಿಗ್ರಾಫ್) ಬಂದಿರಲಿಲ್ಲ. ಜೆಫರ್ಸನ್ ಇನ್ನೂ ಬದುಕಿದ್ದಾನೆ ಎಂಬರ್ಥದ ಮಾತು ಹೇಳಿ ಅವರು ಸಂಜೆ ಕಣ್ಣು ಮುಚ್ಚಿದರು ಅಂತ ಹೇಳುತ್ತಾರೆ. ನನಗಂತೂ ಈ ಭಾಗ ಓದಿದಾಗಲೆಲ್ಲ ಗಂಟಲು ಕಟ್ಟುತ್ತೆ. 1800ರ ಚುನಾವಣೆಯಲ್ಲಿ ಎದುರಾಳಿಗಳಾಗಿ ಮಾತು ಬಿಟ್ಟಿದ್ದವರು, 1812ರಿಂದ ಕೊನೆಯವರೆಗೂ ಕಾಗದ ಬರೆದುಕೊಂಡಿದ್ದರಲ್ವಾ!

ಇನ್ನೊಬ್ಬ ಅಧ್ಯಕ್ಷ ಜೇಮ್ಸ್ ಮನ್ರೋ ತೀರಿಕೊಂಡದ್ದೂ ಜುಲೈ 4ರಂದೇ, 1831ರಲ್ಲಿ. ಮುಂದೆ ಅಧ್ಯಕ್ಷರಾದ ಕ್ಯಾಲ್ವಿನ್ ಕೂಲಿಡ್ಜ್ ಹುಟ್ಟಿದ್ದೂ ಅದೇ ತಾರೀಖು, 1872ರಲ್ಲಿ. ಅಮೆರಿಕದ ಅಂತರ್ಯುದ್ಧದಲ್ಲಿ ವಿಕ್ಸ್‌ಬರ್ಗ್ ಪಟ್ಟಣ ಶರಣಾದದ್ದೂ ಅದೇ ತಾರೀಖು, 1863ರಲ್ಲಿ.

ಒಂದು ವಿಷಯ ಗಮನಿಸಿ: ಬ್ರಿಟನ್‌ನಿಂದ ಬೇರೆಯಾಗುವ ಮತ ಬಿದ್ದದ್ದು 1776ರ ಜುಲೈ 2ರಂದು. ಮುಂದೆ ಜನ ಆ ದಿನವನ್ನೇ ಹಬ್ಬವಾಗಿ ಆಚರಿಸುತ್ತಾರೆ ಅಂತ ಆಡಮ್ಸ್ ಹೆಂಡತಿ ಅಬಿಗೇಲ್‌ಗೆ ಬರೆದಿದ್ದರು. ನಾಲ್ಕರಂದು ಆದದ್ದು ಘೋಷಣೆಯ ಬರಹಕ್ಕೆ ಒಪ್ಪಿಗೆ. ಹೆಚ್ಚಿನವರು ಸಹಿ ಹಾಕಿದ್ದು ಆಗಸ್ಟ್ 2ರಂದು.