ರೋಗಿಯ ಮನೆಯವರು ಫೋನಿನಲ್ಲಿ ರಿಪೋರ್ಟ್ ಕೇಳಿದರೆ ಬಾಯಲ್ಲಿ ಹೇಳಬೇಕಾ, ವಾಟ್ಸಾಪ್ ಮಾಡಬೇಕಾ?

ಶಿರಸಿಯ ಒಂದು ಲ್ಯಾಬಿಗೆ ಹೊಸದಾಗಿ ಸೇರಿದಾಗ ನನಗೂ ಇದೇ ಗೊಂದಲ ಇತ್ತು. ಬಾಯಲ್ಲೇ ಹೇಳಿದೆ. ಅನುಭವಿಸಿದೆ.

ಮಳೆಗಾಲ, ಎಲ್ಲಿ ನೋಡಿದರೂ ಡೆಂಗಿ ಸುದ್ದಿ. ಮೂರು ದಿನದಿಂದ ಜ್ವರ ಅಂತ ಬಂದ ಹಿರಿಯರೊಬ್ಬರ ರಕ್ತ ತೆಗೆದಿದ್ದೆ. ಸಂಜೆ ಮಗನ ಫೋನು: "ಅಪ್ಪಯ್ಯನ ರಿಪೋರ್ಟು ಬಂತಾ? ಎಲ್ಲ ಸರಿ ಇದ್ದಾ?" ಮಷಿನ್ನು ಪ್ಲೇಟ್‌ಲೆಟ್ (ರಕ್ತ ಸೋರದಂತೆ ತಡೆಯುವ ಕಣ) 38,000 ಅಂತ ತೋರಿಸುತ್ತಿತ್ತು. ಒಂದೂವರೆ ಲಕ್ಷದ ಮೇಲಿರಬೇಕಾದ್ದು. "ಮೂವತ್ತೆಂಟು ಸಾವಿರ ಇದ್ದು, ಡೇಂಜರು, ತಡ ಮಾಡಡಿ" ಅಂದುಬಿಟ್ಟೆ.

ಮನೆಯಲ್ಲಿ ಅದು 'ಬಿಳಿ ರಕ್ತಕಣ ಇಳಿದುಹೋಗಿದೆ' ಅಂತಾಯಿತು. (ಪ್ಲೇಟ್‌ಲೆಟ್ ಬೇರೆ, ಬಿಳಿ ರಕ್ತಕಣ ಬೇರೆ. ಎಷ್ಟು ಸಲ ಹೇಳಿದರೂ ಅಷ್ಟೇ.) ಯಾರೋ ಪಪ್ಪಾಯಿ ಎಲೆ ಅರೆದು ಕುಡಿಸಿದರು. ರಾತ್ರಿಯೇ ಬಾಡಿಗೆ ಗಾಡಿ ಹಿಡಿದು, ಆ ಮಳೆಯಲ್ಲಿ ದೇವಿಮನೆ ಘಟ್ಟ ಇಳಿದು ಮಣಿಪಾಲಕ್ಕೆ ಹೋದರು. ಅಲ್ಲಿ ನೋಡಿದರೆ 1,90,000!

ರಾತ್ರೋರಾತ್ರಿ ಏರಿದ್ದಲ್ಲ. ನನ್ನ ಲೆಕ್ಕವೇ ತಪ್ಪು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಇಡಿಟಿಎ ಅನ್ನುವ ರಾಸಾಯನಿಕ ಇರುತ್ತದಲ್ವಾ? ಕೆಲವರ ರಕ್ತದಲ್ಲಿ ಅದೇ ಪ್ಲೇಟ್‌ಲೆಟ್‌ಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಮಷಿನ್ನಿಗೆ ಗುಂಪಾದದ್ದು ಪ್ಲೇಟ್‌ಲೆಟ್ ಅಂತ ಗೊತ್ತಾಗುವುದಿಲ್ಲ, ಎಣಿಕೆಯಿಂದ ಬಿಟ್ಟುಬಿಡುತ್ತದೆ. ಸಂಖ್ಯೆಯ ಪಕ್ಕ ಒಂದು ನಕ್ಷತ್ರ ಚಿಹ್ನೆ ಬೇರೆ ಬಂದಿತ್ತು, 'ಗುಂಪಿರಬಹುದು, ನೋಡು' ಅಂತ. ಒಂದು ಹನಿ ರಕ್ತ ಗಾಜಿನ ಮೇಲೆ ಹರಡಿ ಸ್ಲೈಡ್ ಮಾಡಿ ಮೈಕ್ರೋಸ್ಕೋಪಿನಡಿ ಇಟ್ಟಿದ್ದರೆ ಅಂಚಿನಲ್ಲಿ ಆ ಗುಂಪುಗಳು ಕಾಣುತ್ತಿದ್ದವು. ಇಡಿಟಿಎ ಬದಲು ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬಿನಲ್ಲಿ ಇನ್ನೊಮ್ಮೆ ತೆಗೆದಿದ್ದರೂ ಸಾಕಿತ್ತು. ಆ ಮನುಷ್ಯನ ಮೈಮೇಲೆ ಒಂದು ಕೆಂಪು ಚುಕ್ಕೆ ಇರಲಿಲ್ಲ, ವಸಡಲ್ಲಿ ರಕ್ತ ಇರಲಿಲ್ಲ. ಅದನ್ನಾದರೂ ನೋಡಿ ಅನುಮಾನ ಬರಬೇಕಿತ್ತು. ಬರಲಿಲ್ಲ. ಫೋನು ಕಿವಿಯಲ್ಲಿತ್ತು, ಉತ್ತರ ಹೇಳುವ ಅವಸರ.

ಹಾಗಾಗಿ ಫೋನಾ ವಾಟ್ಸಾಪಾ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಪಿಡಿಎಫ್ ಕಳಿಸಿದ್ದರೂ ಅವರು ಅದೇ ಘಟ್ಟ ಇಳಿಯುತ್ತಿದ್ದರು, ಕೆಂಪಕ್ಷರ ನೋಡಿಕೊಂಡು. ರಿಪೋರ್ಟ್ ರೋಗಿಯದ್ದೇ, ಮುಚ್ಚಿಡಬೇಡಿ. ಆದರೆ ಗಾಬರಿ ಹುಟ್ಟಿಸುವ ಸಂಖ್ಯೆ ಬಂದರೆ ಮೊದಲು ಸ್ಲೈಡ್, ಆಮೇಲೆ ಟೆಸ್ಟ್ ಬರೆದುಕೊಟ್ಟ ಡಾಕ್ಟರಿಗೆ ಫೋನು. ನಾಳೆ ಅಲ್ಲ, ಆಗಲೇ. ಸಂಖ್ಯೆಯನ್ನು ಅವರ ಬಾಯಿಂದ ತಿರುಗಿ ಹೇಳಿಸಿ. ಯಾರು, ಎಷ್ಟು ಗಂಟೆಗೆ ಅಂತ ಬರೆದಿಡಿ. ಅವರು ಎತ್ತದಿದ್ದರೆ ಮನೆಯವರಿಗೆ "ಇವತ್ತೇ ತಾಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೆ ತೋರಿಸಿ" ಅನ್ನಿ. ಡೇಂಜರು, ನಾರ್ಮಲ್ಲು ಎರಡೂ ನಮ್ಮ ಬಾಯಲ್ಲಿ ಬರುವುದು ಬೇಡ.

ಮರುವಾರ ಆ ಮಗ ಬಿಲ್ ಕೇಳಲು ಬಂದಿದ್ದ. ಬೈಯಲಿಲ್ಲ. "ರಾತ್ರಿಯಿಡೀ ಅಪ್ಪಯ್ಯನ ಮೂಗಿನಡಿ ಕೈ ಹಿಡಿದು ಕೂತಿದ್ದೆ" ಅಂದ ಅಷ್ಟೇ.