ಪ್ರತಿಕ್ರಿಯೆ: ಜಿಮ್ ಮಾರ್ಷಲ್ ಅಂದ್ರೆ ಹಳೇ ಗಿಟಾರ್‌ನವರಿಗೆ ಯಾಕಷ್ಟು ಪ್ರೀತಿ?

ಮಾರ್ಷಲ್ ಆಂಪ್ (ಗಿಟಾರ್ ಸದ್ದು ಜೋರು ಮಾಡೋ ಯಂತ್ರ) ಮಾಡಿದವರು ಬರೀ ವ್ಯಾಪಾರಿ ಅಲ್ವಾ, ಅವರನ್ನು ಕಂಡವರೆಲ್ಲ ಯಾಕಿಷ್ಟು ಹೊಗಳುತ್ತಾರೆ, ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಭೇಟಿ ನಿಜವೇ ಅಂತ ಕೇಳಿದ್ದೀರಿ. ಬರೀ ವ್ಯಾಪಾರಿ ಅಲ್ಲ ಸಾರ್, ಡ್ರಮ್ ಮೇಷ್ಟ್ರು. 1960ರಲ್ಲಿ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಅಂಗಡಿ ಇಟ್ಟರು. ಡ್ರಮ್ಮರ್‌ಗಳ ಹಿಂದೆ ಅವರ ಗಿಟಾರ್ ಗೆಳೆಯರೂ ಬಂದು ನಮಗೂ ಏನಾದ್ರೂ ಮಾಡಿ ಅಂದರು, ಇವರು ಕೂತು ಕೇಳಿಸಿಕೊಂಡರು. 1962ರಲ್ಲಿ ಮೊದಲ ಆಂಪ್ ಹುಟ್ಟಿದ್ದು ಹಾಗೆ.

ನನಗೆ ಜಾಸ್ತಿ ಇಷ್ಟ ‘ದ ಹೂ’ ಬ್ಯಾಂಡಿನ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ಕತೆ. ಒಂದೇ ಪೆಟ್ಟಿಗೆಯಲ್ಲಿ 12 ಇಂಚಿನ ಎಂಟು ಸ್ಪೀಕರ್ ಬೇಕು ಅಂತ ಹಟ ಹಿಡಿದರು. ಹೊರೋರ ಸೊಂಟ ಮುರಿಯುತ್ತೆ ಅಂತ ಜಿಮ್ ಹೇಳಿದರೂ ಕೇಳಲಿಲ್ಲ. ಮಾಡಿಕೊಟ್ಟರು. ಆಮೇಲೆ ಪೀಟ್ ವಾಪಸ್ ಬಂದರು, ಹೊರೋರು ತಿರುಗಿಬಿದ್ದಿದ್ದರಂತೆ! ಕೊನೆಗೆ ನಾಲ್ಕು ನಾಲ್ಕು ಸ್ಪೀಕರಿನ ಎರಡು ಪೆಟ್ಟಿಗೆ, ಒಂದರ ಮೇಲೊಂದು. ಸ್ಟೇಜ್ ಮೇಲೆ ನೀವು ನೋಡೋ ಆ ಕಪ್ಪು ಗೋಡೆ ಅದೇ.

ಹೆಂಡ್ರಿಕ್ಸ್ ಭೇಟಿಯೂ ನಿಜ. 1966ರಲ್ಲಿ ಕರೆದುಕೊಂಡು ಬಂದದ್ದು ಜಿಮ್ ಶಿಷ್ಯ, ಡ್ರಮ್ಮರ್ ಮಿಚ್ ಮಿಚೆಲ್. ಇವನೂ ಪುಕ್ಕಟೆ ಕೇಳೋಕೆ ಬಂದ ಅಂದುಕೊಂಡರಂತೆ ಜಿಮ್. ಆತ ಪೂರ್ತಿ ದುಡ್ಡು ಕೊಡ್ತೀನಿ, ಎಲ್ಲಿ ಕೆಟ್ಟರೂ ರಿಪೇರಿ ಆಗಬೇಕು ಅಷ್ಟೇ ಅಂದನಂತೆ. ಅಂದಹಾಗೆ ಜಿಮ್ ಅಂದ್ರೆ ಜೇಮ್ಸ್ ತಾನೇ, ಹೆಂಡ್ರಿಕ್ಸ್ ಪೂರ್ತಿ ಹೆಸರೂ ಜೇಮ್ಸ್ ಮಾರ್ಷಲ್ ಹೆಂಡ್ರಿಕ್ಸ್!