ಮೂರು ಕ್ವೆರಿಗೆ ಒಂದೇ ದಾರ ಬೇಡ

ಪ್ರಶ್ನೆ: ಪಿಎಚ್‌ಪಿಯಲ್ಲಿ ಬಿಲ್ಲಿಂಗ್ ಪುಟ ಬರೆಯುತ್ತಿದ್ದೇನೆ. ಬಿಲ್ ಸೇರಿಸುವ, ಅದರ ಐಟಂ ಸೇರಿಸುವ, ಸ್ಟಾಕ್ ಇಳಿಸುವ ಮೂರು ಕ್ವೆರಿಗಳನ್ನು (ಡೇಟಾಬೇಸ್‌ಗೆ ಕೊಡುವ ಆದೇಶಗಳನ್ನು) ಸೆಮಿಕೋಲನ್ ಹಾಕಿ ಒಟ್ಟಿಗೆ ಕಳಿಸಿದರೆ ಮೈಎಸ್‌ಕ್ಯುಎಲ್ 1064 (ಸಿಂಟ್ಯಾಕ್ಸ್ ತಪ್ಪು) ಎರರ್ ಕೊಡುತ್ತದೆ. ಹಲವು ಕ್ವೆರಿ ಒಟ್ಟಿಗೆ ಕಳಿಸುವ ಮಲ್ಟಿ_ಕ್ವೆರಿಗೆ ಬದಲಾಯಿಸಿದರೆ, ನಂತರದ ಸೆಲೆಕ್ಟ್‌ಗೆ ‘ಕಮಾಂಡ್ಸ್ ಔಟ್ ಆಫ್ ಸಿಂಕ್’ ಬರುತ್ತದೆ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ಪಿಎಚ್‌ಪಿಯನ್ನು ಮೈಎಸ್‌ಕ್ಯುಎಲ್‌ಗೆ ಜೋಡಿಸುವ ಮೈಎಸ್‌ಕ್ಯುಎಲ್‌ಐನ ಕ್ವೆರಿ ಫಂಕ್ಷನ್ ಒಂದು ಸಲಕ್ಕೆ ಒಂದೇ ಕ್ವೆರಿ ಒಪ್ಪುತ್ತದೆ, 1064 ಬಂದದ್ದು ಅದಕ್ಕೇ. ಆ ಕಟ್ಟುನಿಟ್ಟು ಒಳ್ಳೆಯದೇ. ಫಾರ್ಮಿನಲ್ಲಿ ಯಾರೋ ಸೆಮಿಕೋಲನ್ ಹಾಕಿ ಡ್ರಾಪ್ ಟೇಬಲ್ (ಟೇಬಲ್ ಅಳಿಸುವ ಆದೇಶ) ತುರುಕಿದರೆ ಅದು ಅಲ್ಲೇ ನಿಲ್ಲುತ್ತದೆ. ಮಲ್ಟಿ_ಕ್ವೆರಿ ಬಳಸಿದಾಗ ಆ ಬಾಗಿಲು ತೆರೆದುಕೊಳ್ಳುತ್ತದೆ.

ಎರಡನೆಯ ಎರರ್‌ಗೆ ಕಾರಣ, ಮೂರು ಕ್ವೆರಿಗಳ ಫಲಿತಾಂಶ ಕನೆಕ್ಷನ್‌ನಲ್ಲಿ ಸಾಲುಗಟ್ಟಿ ಕೂತಿರುವುದು. ಸ್ಟೋರ್_ರಿಸಲ್ಟ್, ನೆಕ್ಸ್ಟ್_ರಿಸಲ್ಟ್ ಎಂದು ಲೂಪ್ ಹಾಕಿ ಎಲ್ಲವನ್ನೂ ಖಾಲಿ ಮಾಡುವವರೆಗೆ ಹೊಸ ಕ್ವೆರಿಗೆ ಜಾಗವಿಲ್ಲ. ಇನ್ನೊಂದು ಮೋಸವೂ ಇದೆ: ಮಲ್ಟಿ_ಕ್ವೆರಿ ನಿಮಗೆ ಟ್ರೂ ಎಂದು ಹೇಳುವುದು ಮೊದಲ ಕ್ವೆರಿಯನ್ನು ಮಾತ್ರ ನೋಡಿ. ಮೂರನೆಯದು ಕೆಟ್ಟಿದ್ದರೆ ಆ ಲೂಪ್ ನಡೆಸಿದಾಗಷ್ಟೇ ಗೊತ್ತಾಗುತ್ತದೆ. (ಸ್ಟೋರ್ಡ್ ಪ್ರೊಸೀಜರ್ ಕರೆದ ಮೇಲೆ ಇದೇ ಎರರ್ ಬಂದರೂ ಮದ್ದು ಇದೇ.)

ಆದರೆ ನಿಮ್ಮ ಕೆಲಸಕ್ಕೆ ಮಲ್ಟಿ_ಕ್ವೆರಿಯೇ ಬೇಡ. ಬೇಕಿರುವುದು ಟ್ರಾನ್ಸಾಕ್ಷನ್, ಅಂದರೆ ಮೂರೂ ಆಗಬೇಕು, ಇಲ್ಲವೇ ಒಂದೂ ಆಗಬಾರದು. ಬಿಗಿನ್_ಟ್ರಾನ್ಸಾಕ್ಷನ್ ಕರೆದು, ಮೂರನ್ನೂ ಬೇರೆಬೇರೆ, ಕ್ವೆರಿಯ ಚೌಕಟ್ಟು ಮೊದಲು, ಮೌಲ್ಯಗಳು ಪ್ರತ್ಯೇಕವಾಗಿ ಹೋಗುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗಳಾಗಿ ಓಡಿಸಿ. ಬಿಲ್ ಇನ್ಸರ್ಟ್ ಆದ ಕೂಡಲೇ ಇನ್ಸರ್ಟ್_ಐಡಿ (ಹೊಸ ಬಿಲ್‌ಗೆ ಬಂದ ನಂಬರ್) ಎತ್ತಿಟ್ಟುಕೊಳ್ಳಿ. ಐಟಂ ಟೇಬಲ್‌ಗೂ ಆಟೊ ಇನ್‌ಕ್ರಿಮೆಂಟ್ (ತಾನಾಗಿ ಏರುವ ನಂಬರ್) ಇದ್ದರೆ ಮುಂದಿನ ಇನ್ಸರ್ಟ್ ಅದನ್ನು ಬದಲಿಸುತ್ತದೆ. ಸ್ಟಾಕ್ ಇಳಿಸುವ ಅಪ್‌ಡೇಟ್‌ನ ವೇರ್ ಭಾಗದಲ್ಲಿ, ಸಾಮಾನಿನ ಐಡಿಯ ಜೊತೆಗೆ ‘ಇರುವ ಪ್ರಮಾಣ ಕೇಳಿದ್ದಕ್ಕಿಂತ ಕಡಿಮೆ ಇರಬಾರದು’ ಎಂಬ ಷರತ್ತೂ ಇರಲಿ. ಅಫೆಕ್ಟೆಡ್_ರೋಸ್ (ಬದಲಾದ ಸಾಲುಗಳ ಸಂಖ್ಯೆ) 1 ಬಂದರೆ ಕಮಿಟ್ (ಎಲ್ಲವನ್ನೂ ಖಾಯಂ ಮಾಡಿ), 0 ಬಂದರೆ ಸ್ಟಾಕ್ ಸಾಲದು, ರೋಲ್‌ಬ್ಯಾಕ್ (ಎಲ್ಲವನ್ನೂ ರದ್ದು ಮಾಡಿ). ಮೊದಲು ಸೆಲೆಕ್ಟ್ ಮಾಡಿ ನೋಡಿ ಆಮೇಲೆ ಇಳಿಸಿದರೆ, ನಡುವೆ ಇನ್ನೊಂದು ಕೌಂಟರ್ ಅದೇ ಸಾಮಾನು ಮಾರಿಬಿಡಬಹುದು.

ಇಡೀ ಕೋಡ್ ಟ್ರೈ–ಕ್ಯಾಚ್ ಒಳಗಿರಲಿ, ಕ್ಯಾಚ್‌ನಲ್ಲೂ ರೋಲ್‌ಬ್ಯಾಕ್ ಇರಲಿ. ಪಿಎಚ್‌ಪಿ 8.1ರಿಂದ ಮೈಎಸ್‌ಕ್ಯುಎಲ್‌ಐ ಎರರ್ ಬಂದರೆ ತಾನಾಗಿಯೇ ಎಕ್ಸೆಪ್ಶನ್ ಎಸೆಯುತ್ತದೆ. ಹಳೆಯ ಆವೃತ್ತಿಯಲ್ಲಿ ಮೈಎಸ್‌ಕ್ಯುಎಲ್‌ಐ_ರಿಪೋರ್ಟ್‌ನಿಂದ ನೀವೇ ಹೇಳಬೇಕು. ಮೂರೂ ಟೇಬಲ್‌ಗಳು ಟ್ರಾನ್ಸಾಕ್ಷನ್ ಬಲ್ಲ ಇನ್ನೊಡಿಬಿ ಬಗೆಯವೇ ನೋಡಿಕೊಳ್ಳಿ. ಮೈಐಎಸ್‌ಎಎಂ ಎಂಬ ಇನ್ನೊಂದು ಬಗೆಯಲ್ಲಿ ರೋಲ್‌ಬ್ಯಾಕ್ ಕರೆದರೂ ಬರೆದದ್ದು ಅಳಿಯುವುದಿಲ್ಲ.